ರೀಸ್ಲಿಂಗ್ ಅಜ್ಜ ಸವರಿದ ಬಳ್ಳಿ

ನಾನು ಶಂಕರಪುರದವಳು ಎಂದ ಕೂಡಲೇ ಜನ ಕಣ್ಣು ಮುಚ್ಚಿ ಮೂಗರಳಿಸುತ್ತಾರೆ. ಓ ಮಲ್ಲಿಗೆ ಎನ್ನುತ್ತಾರೆ, ಪುಣ್ಯ ಮಾಡಿದ್ದೀರಿ ಎಂದೂ ಸೇರಿಸುತ್ತಾರೆ. ಆ ಪುಣ್ಯ ಎಂಥದೆಂದು ನನ್ನನ್ನು ಕೇಳಬೇಕು. ನಮ್ಮದು ಹಿತ್ತಲು ತುಂಬ ಮಲ್ಲಿಗೆ ಇದ್ದ ಕ್ರಿಶ್ಚಿಯನ್ ಮನೆ. ಕೋಳಿ ಕೂಗುವ ಮೊದಲೇ ಎದ್ದು, ಮಂಜಿಗೆ ಒದ್ದೆಯಾದ ಮೊಗ್ಗು ಕೊಯ್ದು, ಜಗಲಿಯಲ್ಲಿ ಸಾಲಾಗಿ ಕೂತು, ನೆನೆಸಿದ ಬಾಳೆನಾರಿನಲ್ಲಿ ಕಟ್ಟಿ, ಬಿಸಿಲೇರುವುದರೊಳಗೆ ಚೆಂಡು ಮಾಡಿ ಕಳಿಸಬೇಕು. ಹಬ್ಬವಿರಲಿ, ಜ್ವರವಿರಲಿ, ಪರೀಕ್ಷೆಯಿರಲಿ, ಮೊಗ್ಗು ಯಾರಿಗೂ ಕಾಯುವುದಿಲ್ಲ. ಸುತ್ತಲಿನ ಮದುಮಗಳಂದಿರೆಲ್ಲ ನಮ್ಮ ಹೂ ಮುಡಿದು ಮೆರೆದರು. ನಾನು ಬೆರಳ ಸಂದಿಯಲ್ಲಿ ಬಾಳೆಯ ಕರೆ ಹೊತ್ತು ಶಾಲೆಗೆ ಹೋದೆ. ಟೈಪಿಂಗ್ ಕಲಿತದ್ದೇ ಆ ನಾರಿನಿಂದ ತಪ್ಪಿಸಿಕೊಳ್ಳಲು. ಮದುವೆಯಾಗಿ ಮಸ್ಕತ್ತಿಗೆ ಬಂದು, ಘಾಲಾದಲ್ಲಿ ಲಾರಿಯ ಬಿಡಿಭಾಗ ಮಾರುವ ಕಂಪನಿಯೊಂದರ ಆಫೀಸಿನಲ್ಲಿ ಎಲೆಕ್ಟ್ರಿಕ್ ಟೈಪ್‌ರೈಟರಿನ ಎದುರು ಕೂತ ದಿನ, ಇನ್ನು ಈ ಜನ್ಮದಲ್ಲಿ ಗಿಡ ಮುಟ್ಟುವುದಿಲ್ಲವೆಂದು ಮನಸ್ಸಿನಲ್ಲೇ ಶಿಲುಬೆ ಗುರುತು ಹಾಕಿಕೊಂಡೆ.

ನಾವಿದ್ದದ್ದು ಅಲ್ ಗುಬ್ರಾದಲ್ಲಿ, ಎರಡಂತಸ್ತಿನ ಮನೆಯೊಂದರ ಮಹಡಿಯಲ್ಲಿ. ಎಂಬತ್ತರ ದಶಕದ ಕೊನೆಯ ವರ್ಷಗಳು. ಕೆಳಗಿನ ಮನೆಯಲ್ಲಿ ಒಬ್ಬ ಜರ್ಮನ್ ಇಂಜಿನಿಯರ್ ಇದ್ದ. ಸಮುದ್ರದ ನೀರನ್ನು ಸಿಹಿ ಮಾಡುವ ಕಾರ್ಖಾನೆಯಲ್ಲಿ ಅವನಿಗೆ ಕೆಲಸ. ನಲವತ್ತರ ಆಸುಪಾಸು, ಒಂಟಿ ಜೀವ, ಮಾತು ಕಡಿಮೆ. ಅಂಗಳದಲ್ಲಿ ಮನೆಯ ಯಜಮಾನರು ಕಬ್ಬಿಣದ ಚಪ್ಪರ ಹಾಕಿಸಿ ಒಂದು ದ್ರಾಕ್ಷಿ ಬಳ್ಳಿ ಹಬ್ಬಿಸಿದ್ದರು. ಅದರ ಹಣ್ಣನ್ನು ಗುಬ್ಬಿಯೂ ಮೂಸುತ್ತಿರಲಿಲ್ಲ. ಒಮಾನಿ ಯಜಮಾನರು ಮಾತ್ರ ಪ್ರತಿ ಶುಕ್ರವಾರ ಸಂಜೆ ಬಂದು, ಅದರಡಿ ಚಾಪೆ ಹಾಸಿ, ಖರ್ಜೂರ ತಿನ್ನುತ್ತ, ಇಲ್ಲಿಯ ಏಲಕ್ಕಿ ಕಾಫಿಯಾದ ಕಹ್ವಾ ಕುಡಿಯುತ್ತ ಕೂರುತ್ತಿದ್ದರು.

ಜರ್ಮನ್ ಎಂದಮೇಲೆ ವೈನ್ ಬೇಕೇ ಬೇಕು ಎಂದು ನನ್ನ ಗಂಡನ ನಂಬಿಕೆ. ಮದ್ಯದ ಪರ್ಮಿಟ್ ಇದ್ದ ಮನುಷ್ಯ, ಮೊದಲ ಕ್ರಿಸ್ಮಸ್ಸಿಗೆ ಅವನನ್ನು ಕರೆದು ಗ್ಲಾಸು ಮುಂದಿಟ್ಟರೆ, ಅವನು ಕೈ ಅಡ್ಡ ಹಿಡಿದು ಲಬಾನ್ ಇದೆಯೇ ಎಂದ. ಲಬಾನ್ ಎಂದರೆ ಇಲ್ಲಿಯ ಮಜ್ಜಿಗೆ. ಆಮೇಲೆ ಕಥೆ ಹೇಳಿದ. ಅವರದು ನದಿಯ ಬದಿಯಲ್ಲಿ ಅಜ್ಜ ಮುತ್ತಜ್ಜನ ಕಾಲದಿಂದ ವೈನ್ ಮಾಡುವ ಮನೆ. ಬೆಳೆಯುವುದು ರೀಸ್ಲಿಂಗ್ ಎಂಬ ಬಿಳಿ ದ್ರಾಕ್ಷಿ ಒಂದೇ. ತೋಟವೆಂದರೆ ಗೋಡೆಯಂಥ ಗುಡ್ಡ. ಅದರಲ್ಲಿ ಮಣ್ಣಿಗಿಂತ ಕಪ್ಪು ಚಪ್ಪಡಿ ಕಲ್ಲಿನ ಚೂರೇ ಹೆಚ್ಚು. ಹಗಲು ಕಾದ ಕಲ್ಲು ರಾತ್ರಿ ಬಳ್ಳಿಯನ್ನು ಬೆಚ್ಚಗಿಡುತ್ತದಂತೆ. ಮಳೆಗೆ ಜಾರಿ ಕೆಳಗೆ ಬಂದ ಕಲ್ಲನ್ನು ಚಳಿಗಾಲದಲ್ಲಿ ಬುಟ್ಟಿ ತುಂಬಿ ಹೊತ್ತು ಮತ್ತೆ ಮೇಲೆ ಹಾಕಬೇಕು. ಮುಂದಿನ ಮಳೆಗೆ ಅದು ಪುನಃ ಕೆಳಗೆ. ಬೇರೆ ದ್ರಾಕ್ಷಿಯೆಲ್ಲ ಕೊಯ್ದು ಜನ ಕುಣಿದು ಕುಪ್ಪಳಿಸಿ ಮುಗಿಸಿದರೂ ಈ ರೀಸ್ಲಿಂಗ್ ಹಣ್ಣಾಗುವುದಿಲ್ಲ. ಮಂಜು ಬೀಳುವ ತನಕ ನೇತಾಡಿಕೊಂಡಿದ್ದು, ಕೊಯ್ಯುವವರ ಬೆರಳು ಮರಗಟ್ಟಿದ ಮೇಲೆಯೇ ಅದಕ್ಕೆ ಸಿಹಿ ಬರುವುದು. ಅಪ್ಪನಿಗೆ ಗುಡ್ಡದ ಒಂದೊಂದು ಬಳ್ಳಿಯ ಗುರುತೂ ಇದೆ, ತನ್ನನ್ನು ಕರೆಯುವಾಗ ಮಾತ್ರ ಮೊದಲು ನಾಯಿಯ ಹೆಸರು ಬಾಯಿಗೆ ಬರುತ್ತದೆ ಎಂದ. ಅವತ್ತಿನಿಂದ ಅವನು ನನಗೆ ಒಡಹುಟ್ಟಿದವನ ಹಾಗೆ ಕಂಡ.

ಮರುವರ್ಷದ ಕ್ರಿಸ್ಮಸ್ಸಿಗೆ ಸ್ವಲ್ಪ ಮೊದಲು ನನಗೆ ಮಗಳು ಹುಟ್ಟಿದಳು. ಬಾಣಂತನಕ್ಕೆ ಊರಿನಿಂದ ಅಮ್ಮ ಬಂದಳು, ಕಫೀಲರಿಂದ, ಎಂದರೆ ನಮಗೆ ಜಾಮೀನು ನಿಂತ ಒಮಾನಿ ಮಾಲೀಕರಿಂದ, ಸಹಿ ಹಾಕಿಸಿದ ವೀಸಾದಲ್ಲಿ. ಇಲ್ಲಿ ಎರಡು ಲೆಕ್ಕಾಚಾರಗಳಿದ್ದವು. ಮಗು ನಡೆಯುವ ತನಕ ಅಮ್ಮ ಇರುತ್ತಾಳೆ, ವೀಸಾ ಮುಂದುವರಿಸಿದರಾಯಿತು, ರಜೆ ಮುಗಿದ ಕೂಡಲೇ ನಾನು ಘಾಲಾಕ್ಕೆ ಹೋಗುವುದು ಎಂಬುದು ನನ್ನದು. ಚಳಿ ಮುಗಿಯುವ ಹೊತ್ತಿಗೆ ಗಿಡ ಸವರಿ, ಬುಡಕ್ಕೆ ಹಿಂಡಿ ಹಾಕಬೇಕು, ಅಷ್ಟರೊಳಗೆ ಮನೆಗೆ ಮುಟ್ಟಬೇಕು ಎಂಬುದು ಅಮ್ಮನದು. ಆಗ ಅಲ್ ಗುಬ್ರಾದಲ್ಲಿ ಎಳೆಮಗುವನ್ನು ಬಿಟ್ಟು ಹೋಗಬಹುದಾದ ಜಾಗ ನಮಗೆ ಗೊತ್ತಿದ್ದಂತೆ ಒಂದೂ ಇರಲಿಲ್ಲ. ಅಮ್ಮ ಹೋದರೆ ನನ್ನ ಕೆಲಸ ಹೋಯಿತು. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಅಮ್ಮನಿಗೂ ಗೊತ್ತಿತ್ತು.

ಅಮ್ಮನ ಕೈಗೆ ಇಲ್ಲಿ ಕೆಲಸ ಸಾಲದಾಯಿತು. ಮಗುವಿಗೆ ಎಣ್ಣೆ ಹಚ್ಚಿ, ಮೀಯಿಸಿ, ನನಗೆ ಮೆಂತೆಗಂಜಿ ಕುಡಿಸಿ ಆದರೂ ಇನ್ನೂ ಬೆಳಿಗ್ಗೆಯೇ ಇರುತ್ತಿತ್ತು. ಬೆಳಕು ಹರಿಯುವ ಮೊದಲು ಎದ್ದು ಕೂತು ಏನನ್ನಾದರೂ ಕಟ್ಟುತ್ತಿದ್ದಳು. ಕೊತ್ತಂಬರಿ ಸೊಪ್ಪಿನ ದಂಟನ್ನು ದಾರದಲ್ಲಿ ಸಾಲಾಗಿ ಕಟ್ಟಿ ಫ್ರಿಜ್ಜಿನಲ್ಲಿಟ್ಟಳು. ಪಕ್ಕದ ಕಾಂಪೌಂಡಿನ ಕಾಗದದ ಹೂ ಕಿತ್ತು ಮಾತೆ ಮರಿಯಮ್ಮನ ಚಿತ್ರಕ್ಕೆ ಮಾಲೆ ಹಾಕಿದಳು. ಕಟ್ಟುತ್ತ ಕಟ್ಟುತ್ತ ಊರಿನ ಸುದ್ದಿ: ನನ್ನ ಅತ್ತಿಗೆ ನೀರು ಹಾಕುವುದೆಂದರೆ ಗಿಡಕ್ಕೆ ಮುಖ ತೊಳೆಸಿದ ಹಾಗೆ, ಅಣ್ಣನಿಗೆ ಹುಳ ಬಿದ್ದದ್ದು ಕಣ್ಣಿಗೇ ಕಾಣುವುದಿಲ್ಲ. ನಾನು ಮಗುವನ್ನು ಎತ್ತಿ ಅವಳ ಮಡಿಲಿಗೆ ಹಾಕಿ ಮಾತು ಬದಲಿಸುತ್ತಿದ್ದೆ.

ಹೊಸ ವರ್ಷ ಕಳೆದದ್ದೇ ಕೆಳಗಿನ ಮನೆಗೆ ಇಂಜಿನಿಯರನ ಅಪ್ಪ ಬಂದರು. ದಪ್ಪ ಗಂಟಿನ ಬೆರಳು, ಬಾಗಿದ ಮೊಣಕಾಲು, ಕೆಂಪು ಮೂಗು; ನಮಗೆಲ್ಲ ಅವರು ಅಜ್ಜ. ಬಂದ ಉದ್ದೇಶವನ್ನು ಮಗ ಮೆಟ್ಟಿಲ ಮೇಲೆ ನಿಂತು ನನಗೆ ಹೇಳಿದ. ಅಜ್ಜನಿಗೆ ಇನ್ನು ಆ ಗುಡ್ಡ ಹತ್ತಲು ಆಗುವುದಿಲ್ಲ. ಮಗ ಮನೆಗೆ ಬಂದು ತೋಟ ನೋಡಿಕೊಳ್ಳಬೇಕು, ಇಲ್ಲವಾದರೆ ಅದು ಬೇರೆಯವರ ಕೈಗೆ ಹೋಗುತ್ತದೆ. ಸುದ್ದಿ ಘಾಲಾದ ಚರ್ಚಿನ ಅಂಗಳಕ್ಕೆ ಮುಟ್ಟಲು ಒಂದು ವಾರವೂ ಬೇಕಾಗಲಿಲ್ಲ. ನಮ್ಮ ಮಂಗಳೂರಿನವರು, ಉಡುಪಿಯವರು ಸೇರಿದಲ್ಲೆಲ್ಲ ಅದೇ ಮಾತು. ತಂದೆ ಬದುಕಿರುವಾಗ ಭೂಮಿ ಹಡಿಲು ಬಿಡಬಾರದು ಎಂದರು, ಊರಿನ ಗದ್ದೆಯ ಬದು ಯಾವ ಕಡೆಗೆ ಎಂಬುದನ್ನೇ ಮರೆತವರು. ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಿಗೆ ಬಿತ್ತಂತೆ. ನಮ್ಮಲ್ಲಿ ಹಲ್ಲಿಗಳಿಗೆ ಬರವಿರಲಿಲ್ಲ. ನಾನೂ ಬಿಡಲಿಲ್ಲ. ಎಷ್ಟಾದರೂ ಹೆತ್ತವರು, ನೀವು ಹೋಗಲೇಬೇಕು ಎಂದೆ. ಹಾಗಾದರೆ ನಿಮ್ಮ ತಾಯಿ ಊರಿಗೆ ಹೋಗಬೇಕು ಅನ್ನುತ್ತಾರಲ್ಲ ಎಂದು ಅವನು ಕೇಳಿದ. ಅದು ಬೇರೆ ವಿಷಯ ಎಂದೆ.

ಅಜ್ಜನಿಗೆ ಒಂದು ಊಟ ಹಾಕದಿದ್ದರೆ ಮರ್ಯಾದೆಯಲ್ಲವೆಂದು ಮೇಲೆ ಕರೆದೆವು. ಅವರು ಒಂದು ಆಲ್ಬಮ್ಮನ್ನೂ ಒಂದು ಬಾಟಲಿಯನ್ನೂ ತಂದರು. ಬಾಟಲಿ ಮಗ ಮನೆ ಬಿಟ್ಟ ವರ್ಷದ ರೀಸ್ಲಿಂಗ್. ಅಜ್ಜ ಜರ್ಮನ್‌ನಲ್ಲಿ ಹೇಳಿದ್ದನ್ನು ಮಗ ಇಂಗ್ಲಿಷಿಗೆ ತರುವುದು, ಅದನ್ನು ನಾನು ಅಮ್ಮನಿಗೆ ಕೊಂಕಣಿಯಲ್ಲಿ ಹೇಳುವುದು. ಹೀಗೆ ದಾಟಿ ಬರುವಷ್ಟರಲ್ಲಿ ಫೋಟೋ ಮುಂದಕ್ಕೆ ಹೋಗಿರುತ್ತಿತ್ತು. ಗುಡ್ಡ, ನದಿ, ನೆಲಮಾಳಿಗೆಯಲ್ಲಿ ಮಲಗಿದ ಮರದ ಪೀಪಾಯಿಗಳು, ಒಂದು ಗಿಡ್ಡ ಹೆಂಗಸು ಬಳ್ಳಿ ಬಗ್ಗಿಸುತ್ತಿರುವುದು. ಅದು ಅಜ್ಜನ ಹೆಂಡತಿ, ಈಗ ಇಲ್ಲ. ಅವಳ ಹಾಗೆ ಬಳ್ಳಿ ಕಟ್ಟುವವರು ಇನ್ನು ಹುಟ್ಟಬೇಕಷ್ಟೆ ಎಂದರು ಅಜ್ಜ. ಅಮ್ಮ ಆ ಫೋಟೋವನ್ನು ಹತ್ತಿರ ಎಳೆದುಕೊಂಡು, ಬೆರಳು ಹೇಗೆ ಹಿಡಿದಿದ್ದಾಳೆಂದು ನೋಡಿದಳು.

ಆಮೇಲೆ ಬಾಟಲಿ ತೆರೆದರು. ನನ್ನ ಗಂಡ ಗ್ಲಾಸು ತಿರುಗಿಸಿ, ಮೂಸಿ, ಎಲ್ಲೋ ಕೇಳಿದ್ದ ಧಾಟಿಯಲ್ಲಿ ಬಹಳ ಚೆನ್ನಾದ ಹೂವಿನ ಪರಿಮಳ ಎಂದ. ಅಮ್ಮ ಒಂದು ಗುಟುಕು ಕುಡಿದು ಮುಖ ಹಿಂಡಿದಳು.

"ಇದರಲ್ಲಿ ಸೀಮೆಎಣ್ಣೆ ವಾಸನೆ ಉಂಟಲ್ಲ."

ನಾನು ಬಾಯಿ ಬಿಡಲಿಲ್ಲ. ಆದರೆ ಅಮ್ಮ ಮೂಗು ಮುಟ್ಟಿ ಅಡಿಗೆಮನೆಯ ಸ್ಟೋವ್ ತೋರಿಸಿದ್ದಕ್ಕೆ ಅನುವಾದ ಬೇಕಿರಲಿಲ್ಲ. ಅಜ್ಜ ಎದ್ದು ನಿಂತು ಅಮ್ಮನ ಕೈ ಕುಲುಕಿದರು. ರೀಸ್ಲಿಂಗ್ ವರ್ಷಗಟ್ಟಲೆ ಕೂತು ಮಾಗಿದರೆ ಬರುವ ವಾಸನೆ ಅದೇ ಅಂತೆ; ಅದಕ್ಕಾಗಿಯೇ ಜನ ಹುಡುಕಿಕೊಂಡು ಬರುತ್ತಾರಂತೆ. ಹೂವಿನ ಪರಿಮಳದವನು ಅನ್ನ ಸಾರು ಬಡಿಸಿಕೊಂಡ. ಮಜ್ಜಿಗೆಯ ಇಂಜಿನಿಯರ್ ಮಾತ್ರ ಅಪ್ಪನ ಗ್ಲಾಸನ್ನು ತೆಗೆದು ಮೂಸಿದ. ಸ್ವಲ್ಪ ಹೊತ್ತು ಮೂಸಿ, ಕುಡಿಯದೆ ಕೆಳಗಿಟ್ಟ.

ಮಾರನೆಯ ದಿನ ಅಜ್ಜನಿಗೆ ಅಂಗಳದ ಬಳ್ಳಿ ಕಣ್ಣಿಗೆ ಬಿತ್ತು. ಕಾಂಡದ ಮೇಲೆ ಕೈಯಿಟ್ಟು ಮಗನನ್ನು ಕೂಗಿ ಬೈದರು. ಕತ್ತರಿ ತಾಗದೆ ಎಷ್ಟು ವರ್ಷವಾಯಿತು, ಇದನ್ನು ದಿನಾ ನೋಡಿಕೊಂಡು ನೀನು ಹೇಗೆ ನಿದ್ದೆ ಮಾಡುತ್ತೀ ಎಂದು ಕೇಳಿದರಂತೆ. ಮಹಡಿಯಿಂದ ನೋಡುತ್ತಿದ್ದ ಅಮ್ಮ, ಸರಿಯಾಗಿಯೇ ಬೈದ್ರು, ಅದು ಬಳ್ಳಿಯಲ್ಲ, ಕಾಡು ಎಂದಳು. ನನಗೂ ಇಂಜಿನಿಯರನಿಗೂ ಮೆಟ್ಟಿಲ ಮೇಲೆ ಒಂದೇ ಸಲ ಬುದ್ಧಿ ಹೊಳೆಯಿತು. ಇಬ್ಬರ ಕೈಗೂ ಕೆಲಸ ಕೊಟ್ಟರಾಯಿತು. ಬಳ್ಳಿಯಲ್ಲಿ ಮುಳುಗಿದರೆ ಅವನ ಅಪ್ಪ ತೋಟದ ಮಾತೆತ್ತುವುದಿಲ್ಲ, ನನ್ನ ಅಮ್ಮ ಮಲ್ಲಿಗೆಯನ್ನು ಮರೆಯುತ್ತಾಳೆ. ಎಂಥ ತಲೆ ನಮ್ಮದು! ಮಗುವನ್ನು ನಾನು ನೋಡಿಕೊಳ್ಳುತ್ತೇನೆ, ನೀನು ಕೆಳಗೆ ಹೋಗು ಎಂದು ಅಮ್ಮನನ್ನು ನಾನೇ ಕಳಿಸಿದೆ.

ಮಗನನ್ನು ಒಪ್ಪಿಸಲು ಬಂದ ಮನುಷ್ಯ ಪೆಟ್ಟಿಗೆಯಲ್ಲಿ ಬಳ್ಳಿ ಸವರುವ ಕತ್ತರಿ ತಂದಿದ್ದರು. ಎರಡು ದಿನದಲ್ಲಿ ಚಪ್ಪರ ಬೋಳಾಯಿತು. ಕಾಂಡ, ಅದರ ತುದಿಯಲ್ಲಿ ಮೂರು ಉದ್ದ ಕೊಂಬೆ, ಅಷ್ಟೇ ಉಳಿದದ್ದು. ಅದರಲ್ಲಿ ಎರಡನ್ನು ಆಚೆ ಈಚೆ ಬಗ್ಗಿಸಿ, ತುದಿಯನ್ನು ಕೆಳಗೆ ತಂದು ಕಟ್ಟಿದರೆ ಹೃದಯದ ಆಕಾರ ಬರುತ್ತದೆ. ಅವರ ಗುಡ್ಡದ ಮೇಲೆ ಎಲ್ಲ ಬಳ್ಳಿಯೂ ಹಾಗೆಯೇ ನಿಲ್ಲುವುದಂತೆ. ಒಂದನ್ನು ಆಪತ್ತಿಗೆ ಬಿಡುವುದು. ಅಲ್ಲಿ ಈ ಕೆಲಸಕ್ಕೆ ತೇವದ ದಿನ ಕಾಯುತ್ತಾರೆ. ಅಲ್ ಗುಬ್ರಾದಲ್ಲಿ ತೇವದ ದಿನ ಯಾರು ತರುತ್ತಾರೆ? ಒಣಗಾಳಿಯಲ್ಲಿ ಬಗ್ಗಿಸಿದ ಮೊದಲ ಕೊಂಬೆ ಲಟಕ್ಕನೆ ಮುರಿಯಿತು. ಅಜ್ಜ ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟರು. ಅಮ್ಮ ಮೇಲೆ ಬಂದು, ಅಕ್ಕಿಯ ಖಾಲಿ ಗೋಣಿ ಎತ್ತಿಕೊಂಡು, ಬಚ್ಚಲಲ್ಲಿ ನೆನೆಸಿ, ಉಳಿದೆರಡು ಕೊಂಬೆಗೆ ಸುತ್ತಿ ಬಂದಳು. ಒಣಗಿದ ಬಾಳೆನಾರು ತುಂಡಾಗುತ್ತದೆ, ನೆನೆಸಿದ್ದು ಹೇಳಿದ ಹಾಗೆ ಕೇಳುತ್ತದೆ. ಇಷ್ಟು ನನಗೂ ಗೊತ್ತಿತ್ತು, ಆದರೆ ನಾನು ಬಾಯಿ ಬಿಡುವ ಹಾಗಿರಲಿಲ್ಲ. ಸಂಜೆ ಬಿಚ್ಚಿ ಬಗ್ಗಿಸಿದರೆ ಕೊಂಬೆ ಮಣಿಯಿತು. ಕಟ್ಟಲು ತಮ್ಮೂರಿನ ವಿಲೋ ಮರದ ಎಳೆ ಕಡ್ಡಿ ಇಲ್ಲವಲ್ಲ ಎಂದು ಅಜ್ಜ ಕೈ ಚೆಲ್ಲಿದಾಗ, ಅಮ್ಮ ತನ್ನ ಪೆಟ್ಟಿಗೆಯಿಂದ ಒಂದು ಸಿಂಬಿ ಬಾಳೆನಾರು ತೆಗೆದಳು. ಬಾಣಂತನಕ್ಕೆ ಬಂದವಳು ಅದನ್ನು ಯಾಕೆ ತಂದಿದ್ದಳು ಎಂದು ಕೇಳಿದರೆ, ಎಂಥಕ್ಕಾದರೂ ಬೇಕಾದೀತು ಅಂತ ಎಂದಳು.

ಶುಕ್ರವಾರ ಯಜಮಾನರು ಬಂದರು. ಕಂಕುಳಲ್ಲಿ ಚಾಪೆ, ಕೈಯಲ್ಲಿ ಕಹ್ವಾದ ಫ್ಲಾಸ್ಕು. ಚಪ್ಪರದ ಕಂಬಿಗಳ ನಡುವೆ ಆಕಾಶ ಹಾಸಿತ್ತು, ಇಳಿಬಿಸಿಲು ನೇರ ಅವರ ಮುಖಕ್ಕೆ. ಬಾಳೆನಾರಿನ ಹೃದಯವನ್ನು ಅವರು ಒಂದು ಸುತ್ತು ಬಂದು ನೋಡಿದರು.

"ಖಲಾಸ್?" ಎಂದರು.

ಇಂಜಿನಿಯರ್ ಗಡಿಬಿಡಿಯಿಂದ ವಿವರಿಸಿದ. ಹೀಗೆ ಮಾಡಿದರೆ ಹಣ್ಣು ಒಳ್ಳೆಯದು ಬರುತ್ತದೆ ಎಂದ. ಯಜಮಾನರು ಸಮಾಧಾನದಿಂದಲೇ ಹಿಂದಿಯಲ್ಲಿ ಹೇಳಿದರು, ತಾನು ಇದನ್ನು ಹಣ್ಣಿಗೆ ನೆಟ್ಟದ್ದಲ್ಲ, ನೆರಳಿಗೆ ನೆಟ್ಟದ್ದು ಎಂದು. ಹುಟ್ಟಿದಾಗಿನಿಂದ ಬಳ್ಳಿಯೊಂದಿಗೆ ಬದುಕಿದ ಇಬ್ಬರಿಗೂ, ಬಳ್ಳಿಯನ್ನು ಸುಮ್ಮನೆ ಅಡಿಯಲ್ಲಿ ಕೂರಲು ಬೆಳೆಸುವವರಿದ್ದಾರೆ ಎಂಬುದು ಹೊಳೆದೇ ಇರಲಿಲ್ಲ. ಅಜ್ಜನ ಕಿವಿ ಕೆಂಪಾಯಿತು. ನೆರಳು ಬೇಕಾದರೆ ಒಂದು ಸೀರೆ ಕಟ್ಟಬಹುದಿತ್ತಲ್ಲ ಎಂದಳು ಅಮ್ಮ. ಅದನ್ನು ನಾನು ಅನುವಾದಿಸಲಿಲ್ಲ. ದೊಡ್ಡ ಮನುಷ್ಯರು, ಬೇರೆಯವರಾಗಿದ್ದರೆ ಮನೆ ಖಾಲಿ ಮಾಡಿ ಎನ್ನುತ್ತಿದ್ದರು. ಅವರು ಗೋಡೆಯ ನೆರಳಿಗೆ ಚಾಪೆ ಹಾಸಿ, ಇಬ್ಬರನ್ನೂ ಕರೆದು ಕಹ್ವಾ ಕೊಟ್ಟರು.

ಮಾಡಿದ್ದುಣ್ಣೋ ಮಹರಾಯ ಎನ್ನುವುದು ಇದಕ್ಕೇ. ಚಳಿ ಇನ್ನೂ ಪೂರ್ತಿ ಹೋಗಿರಲಿಲ್ಲ, ಒಂದು ಬೆಳಿಗ್ಗೆ ಬಾಗಿದ ಕೊಂಬೆಯ ಗಂಟು ಗಂಟಿಗೂ ಮೊಗ್ಗೊಡೆದಿತ್ತು. ಅಜ್ಜ ಅಂದೇ ತಮ್ಮ ಟಿಕೆಟ್ ಮಾಡಿಸಲು ಮಗನಿಗೆ ಹೇಳಿದರು. ಇಲ್ಲಿ ಬಳ್ಳಿ ಕಣ್ಣು ಬಿಟ್ಟರೆ ಅಲ್ಲಿ ಬಗ್ಗಿಸುವ ದಿನ ಹತ್ತಿರ ಬಂತು ಎಂದರ್ಥ. ನೀನು ಬಾ, ಬಿಡು, ಬಳ್ಳಿಗಳು ಕಾಯುವುದಿಲ್ಲ ಎಂದರು. ಮಗ ಹೋಗಲಿಲ್ಲ. ಹೊರಡುವಾಗ ಅಜ್ಜ ಅಮ್ಮನಿಗೆ ಕತ್ತರಿ ಕೊಟ್ಟರು, ಅಮ್ಮ ಅಜ್ಜನಿಗೆ ಉಳಿದ ನಾರಿನ ಸಿಂಬಿ ಕೊಟ್ಟಳು. ಅವರು ಜರ್ಮನ್‌ನಲ್ಲಿ ಏನೋ ಹೇಳಿದರು, ಇವಳು ಕೊಂಕಣಿಯಲ್ಲಿ ಏನೋ ಹೇಳಿದಳು, ನಮ್ಮಿಬ್ಬರನ್ನು ಯಾರೂ ಅನುವಾದ ಕೇಳಲಿಲ್ಲ. ಕಾರು ಗೇಟು ದಾಟಿದ ಮೇಲೆ ಅಮ್ಮ ಬಳ್ಳಿಯ ಹತ್ತಿರ ನಿಂತು, ತನ್ನ ಟಿಕೆಟ್ಟು ಯಾವಾಗ ಎಂದು ಕೇಳಿದಳು.

ನನ್ನ ರಜೆ ಮುಗಿಯಲು ಆ ವಾರವಷ್ಟೇ ಬಾಕಿ. ನನಗೆ ಎಲ್ಲಿತ್ತೋ ಸಿಟ್ಟು. ವೀಸಾ ಮುಂದುವರಿಸಲು ಕಫೀಲರಿಗೆ ಹೇಳಿ ಆಗಿದೆ ಎಂದೆ, ಆಫೀಸಿನವರು ಬೇರೆಯವರನ್ನು ತೆಗೆದುಕೊಳ್ಳುತ್ತಾರೆ ಎಂದೆ, ಅತ್ತೆ ಸೊಸೆ ಜಗಳ ಇಲ್ಲದೆ ಇಲ್ಲಿ ಸುಖವಾಗಿದ್ದೀ ಎಂದೂ ಅಂದೆ. ಅಮ್ಮ ಮಗುವಿನ ಬಟ್ಟೆ ಮಡಚುತ್ತಲೇ ಇದ್ದಳು.

"ನಿನಗೆ ಮೊಮ್ಮಗಳಿಗಿಂತ ಗಿಡ ಹೆಚ್ಚಾಯ್ತಾ?"

"ಮಗುವಿಗೆ ನೀನಿದ್ದಿ. ಗಿಡಕ್ಕೆ ಯಾರಿದ್ದಾರೆ?"

ಹಾಗಾದರೆ ನನಗೆ ಯಾರಿದ್ದಾರೆ ಎಂದು ಕೇಳಲು ಬಾಯಿ ತೆರೆದೆ. ಮಗು ಅತ್ತಿತು, ಎತ್ತಿಕೊಳ್ಳಲು ಹೋದೆ. ಅಮ್ಮ ಆ ವಾರದಲ್ಲೇ ಹೊರಟಳು, ಅಜ್ಜನ ಕತ್ತರಿಯನ್ನು ಸೀರೆಯೊಳಗೆ ಸುತ್ತಿ ಪೆಟ್ಟಿಗೆಯಲ್ಲಿಟ್ಟುಕೊಂಡು. ಏರ್‌ಪೋರ್ಟಿನಲ್ಲಿ ನನಗೆ ಅಳು ಬಂತು, ದುಃಖಕ್ಕಿಂತ ಹೊಟ್ಟೆಯುರಿಗೆ. ಒಂದು ಹಿತ್ತಲಿನ ಮಲ್ಲಿಗೆಯ ಮುಂದೆ ನಾನು ಸೋತಿದ್ದೆ, ಅದೂ ಮೊದಲ ಸಲವಲ್ಲ. ಆಫೀಸಿಗೆ ಹೋಗಿ ರಾಜೀನಾಮೆ ಟೈಪು ಮಾಡಿದೆ. ನನ್ನ ಆ ಮೆಷಿನ್ನಿನಲ್ಲಿ ನಾನು ಮಾಡಿದ ಕೊನೆಯ ಕೆಲಸ ಅದು, ಒಂದೂ ತಪ್ಪಿರಲಿಲ್ಲ.

ಊರಿಗೆ ಫೋನ್ ಎಂದರೆ ಚರ್ಚಿನ ಹತ್ತಿರದ ಅಂಗಡಿಗೆ ಮಾಡಿ, ಅಮ್ಮನನ್ನು ಕರೆಸಿ, ಮತ್ತೆ ಮಾಡಬೇಕು. ಈಸ್ಟರಿಗೆ ಮಾಡಿದೆ. ಅಮ್ಮ ರಿಸೀವರ್ ಹಿಡಿದು, ನಾನು ಹೇಗಿದ್ದೇನೆ ಎಂದಲ್ಲ, ಮಗು ಹೇಗಿದೆ ಎಂದೂ ಅಲ್ಲ, ಮೊದಲು ಕೇಳಿದ್ದು ಇದು:

"ಬಳ್ಳಿ ಹೇಗುಂಟು?"

"ಸತ್ತಿತು," ಎಂದೆ.

ಅಮ್ಮ ತೀರಿ ಹೋದವರ ಮನೆಯಲ್ಲಿ ಕೇಳುವ ದನಿಯಲ್ಲಿ ಕೇಳಿದಳು, "ಎರಡೂ ಕೊಂಬೆಯಾ?"

ನನ್ನಿಂದ ಆಗಲಿಲ್ಲ. ಇಲ್ಲಮ್ಮ, ಸುಳ್ಳು ಹೇಳಿದೆ, ಚಿಗುರಿ ಕಂಬಿ ಹತ್ತಿದೆ ಎಂದೆ. ನಿಜವೆಂದರೆ ನಾನು ಅದರ ಕಡೆ ಕಣ್ಣೆತ್ತಿಯೂ ನೋಡಿರಲಿಲ್ಲ. ಅಮ್ಮ ಉಸಿರು ಬಿಟ್ಟದ್ದು ಸಮುದ್ರದಾಚೆಯಿಂದಲೂ ಕೇಳಿತು.

"ಹಾಗಾದ್ರೆ ಚಳಿಗೆ ಬರ್ತೇನೆ. ಸವರ್ಲಿಕ್ಕೆ ಉಂಟಲ್ಲ."

ಫೋನ್ ಇಟ್ಟು ಕೆಳಗೆ ಓಡಿದೆ. ಇಂಜಿನಿಯರ್ ಆಗಲೇ ಬಕೆಟ್ ಹಿಡಿದು ಬಳ್ಳಿಯ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ. ಬಳ್ಳಿ ಉಳಿದರೆ ಸವರಲು ತಾನೇ ಬರುತ್ತೇನೆ, ನಿನ್ನ ಕೈಗೆ ಕೊಡುವುದಿಲ್ಲ ಎಂದು ಅವನ ಅಪ್ಪ ಹೇಳಿದ್ದರಂತೆ. ನಾನು ಮಗುವನ್ನು ಸೊಂಟಕ್ಕೆ ಏರಿಸಿ ಎರಡನೆಯ ಬಕೆಟ್ ತಂದೆ. ಆ ಬೇಸಿಗೆಯಿಡೀ, ಜೂನಿನ ಬಿಸಿಗಾಳಿ ಮುಖಕ್ಕೆ ಬಡಿಯುವಾಗಲೂ, ಮಲ್ಲಿಗೆಯಿಂದ ಓಡಿ ಬಂದವಳೂ ರೀಸ್ಲಿಂಗಿನಿಂದ ಓಡಿ ಬಂದವನೂ ಸೇರಿ, ಅವನೇ ಸಮುದ್ರದಿಂದ ಸಿಹಿ ಮಾಡಿದ ನೀರನ್ನು, ಯಾರದೋ ನೆರಳಿನ ಬಳ್ಳಿಗೆ ಹೊತ್ತು ಹಾಕಿದೆವು. ಎಲೆಗೆ ಹುಳ ಬಿದ್ದಾಗ ನಾನೇ ಬೂದಿ ಎರಚಿದೆ. ಗಾಳಿಗೆ ಚಿಗುರು ಒಲೆದಾಡಿದಾಗ ಹಳೆಯ ಸೀರೆಯ ಅಂಚು ಹರಿದು, ನೆನೆಸಿ ಕಟ್ಟಿದೆ. ಬೆರಳುಗಳು ನನ್ನನ್ನು ಕೇಳಲೇ ಇಲ್ಲ. ಯಜಮಾನರು ಅರ್ಧ ಚಪ್ಪರದ ನೆರಳು ಸರಿದ ಹಾಗೆ ಚಾಪೆ ಸರಿಸಿಕೊಳ್ಳುತ್ತ ನಮ್ಮನ್ನು ನೋಡಿ ನಗುತ್ತಿದ್ದರು.

ಚರ್ಚಿನ ಅಂಗಳದ ಉಪದೇಶಕ್ಕೆ ಜಗ್ಗದ ಇಂಜಿನಿಯರ್ ಆ ನೀರು ಹೊತ್ತು ಕೆಟ್ಟ. ಅಕ್ಟೋಬರಿನಲ್ಲಿ ಕೊಯ್ಲಿಗೆ ಎರಡು ವಾರ ಹೋಗಿ ಬರುತ್ತೇನೆ ಎಂದು ಹೊರಟವನು, ತಿರುಗಿ ಬಂದದ್ದು ಸಾಮಾನು ಕಟ್ಟಲು. ಅಪ್ಪ ಇನ್ನು ಎಲ್ಲಿಗೂ ಬರುವ ಹಾಗಿಲ್ಲ, ಮೊಣಕಾಲು ಪೂರ್ತಿ ಹೋಗಿದೆ ಎಂದ. ಚಳಿಯಲ್ಲಿ ಬಿರಿದ ಅವನ ಬೆರಳು ನೋಡಿ ನನಗೆ ಪಾಪ ಎನಿಸಿತು. ಅವನು ಹೋದ ಮೇಲೆ ಉಳಿದದ್ದು ನಾನು ಮತ್ತು ಎರಡು ಬಕೆಟ್.

ಡಿಸೆಂಬರಿನಲ್ಲಿ ಅಮ್ಮ ಬಂದಳು. ಗೇಟಿನ ಹತ್ತಿರ ಕಾರಿನಿಂದಿಳಿದು ಪೆಟ್ಟಿಗೆಯನ್ನು ಅಳಿಯನ ಕೈಗೆ ಕೊಟ್ಟಳು. ಆಗಷ್ಟೇ ನಡೆಯಲು ಕಲಿತಿದ್ದ ಮಗಳನ್ನು ನಾನು ಬಾಗಿಲಲ್ಲಿ ನಿಲ್ಲಿಸಿ, ಕೈ ಬಿಟ್ಟು ತೋರಿಸಬೇಕೆಂದು ಕಾಯುತ್ತಿದ್ದೆ. ಅಮ್ಮ ನಮ್ಮನ್ನು ದಾಟಿ ನೇರ ಚಪ್ಪರದಡಿ ಹೋಗಿ, ಬಗ್ಗಿ, ಬುಡದ ಮಣ್ಣನ್ನು ಬೆರಳಲ್ಲಿ ಕೆದಕಿದಳು. ಸೀರೆಯ ಅಂಚಿನ ಕಟ್ಟುಗಳನ್ನು ಒಂದೊಂದಾಗಿ ಎಳೆದು ನೋಡಿದಳು. ಒಂದೂ ಸಡಿಲವಾಗಲಿಲ್ಲ.

"ನೀರು ಜಾಸ್ತಿ ಹಾಕಿದ್ದಿ," ಎಂದಳು.

ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು ಬಂದು ಮಗುವನ್ನು ಎತ್ತಿಕೊಂಡಳು.